ಗ್ರಾಫೈಟ್ ಹಾಕಿದ ಎಪಾಕ್ಸಿ: ಡೈಎಲೆಕ್ಟ್ರಿಕ್ ಏರಿತು, ಬಲ ಇಳಿಯಿತು, ಯಾಕೆ?

ಪ್ರಶ್ನೆ:
ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ಗೆ ಎಪಾಕ್ಸಿಯಲ್ಲಿ (ಹಾರ್ಡನರ್ ಹಾಕಿದರೆ ಗಟ್ಟಿಯಾಗುವ ರಾಳ) ಗ್ರಾಫೈಟ್ ನ್ಯಾನೊಪ್ಲೇಟ್‌ಲೆಟ್ (ಅತಿ ತೆಳುವಾದ ಹಾಳೆಯಂಥ ಚೂರು) ಬೆರೆಸುತ್ತಿದ್ದೇನೆ, ತೂಕದಲ್ಲಿ 3%. ಅಸಿಟೋನ್‌ನಲ್ಲಿ ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ಚದುರಿಸಿ), ಎಪಾಕ್ಸಿ ಸೇರಿಸಿ, ಅಸಿಟೋನ್ ಆರಿಸಿ, ಹಾರ್ಡನರ್ ಹಾಕಿ ಅಚ್ಚಿಗೆ ಸುರಿದೆ. ಬರೀ ಎಪಾಕ್ಸಿಯ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ (ವಿದ್ಯುತ್ ಕ್ಷೇತ್ರದಲ್ಲಿ ವಸ್ತು ಎಷ್ಟು ಪೋಲರೈಸ್ ಆಗುತ್ತದೆ ಎಂಬ ಅಳತೆ) 4ರ ಹತ್ತಿರ. ಗ್ರಾಫೈಟ್ ಹಾಕಿದ್ದು 100 ಹರ್ಟ್ಸ್‌ನಲ್ಲಿ 38, 1 ಮೆಗಾಹರ್ಟ್ಸ್‌ನಲ್ಲಿ 9. ತುಂಬಾ ಖುಷಿಯಾಯಿತು. ಆದರೆ ಎಳೆದು ನೋಡಿದರೆ ಬರೀ ಎಪಾಕ್ಸಿಗಿಂತ ಬೇಗ ಮುರಿಯುತ್ತಿದೆ. ಗ್ರಾಫೈಟ್‌ಗೆ ಸೈಲೇನ್ (ಚೂರನ್ನೂ ರಾಳವನ್ನೂ ಬೆಸೆಯುವ ರಾಸಾಯನಿಕ) ಹಚ್ಚಿಯೂ ನೋಡಿದೆ, ಏನೂ ಬದಲಾಗಲಿಲ್ಲ. ಡೈಎಲೆಕ್ಟ್ರಿಕ್ ಇಷ್ಟು ಏರಿದೆ ಅಂದರೆ ಗ್ರಾಫೈಟ್‌ಗೂ ಎಪಾಕ್ಸಿಗೂ ನಡುವಿನ ಅಂಟು ಚೆನ್ನಾಗಿದೆ ಅಂತಲೇ ಅಲ್ವಾ?

ಉತ್ತರ 1:
ಇಲ್ಲ, ಅವೆರಡೂ ಬೇರೆ. ಗ್ರಾಫೈಟ್ ಕರೆಂಟ್ ಹರಿಸುತ್ತದೆ, ಎಪಾಕ್ಸಿ ಹರಿಸುವುದಿಲ್ಲ. ಚಾರ್ಜ್ ಅವೆರಡರ ಗಡಿಯಲ್ಲಿ ಬಂದು ನಿಲ್ಲುತ್ತದೆ. ಇದೇ ಮ್ಯಾಕ್ಸ್‌ವೆಲ್-ವಾಗ್ನರ್ ಪೋಲರೈಸೇಶನ್. ಫ್ರೀಕ್ವೆನ್ಸಿ ಜಾಸ್ತಿಯಾದರೆ ಚಾರ್ಜ್‌ಗೆ ಅಲ್ಲಿವರೆಗೆ ಬರಲು ಸಮಯ ಸಾಲದು, ಅದಕ್ಕೇ 9ಕ್ಕೆ ಇಳಿದಿದೆ. ಇದಕ್ಕೆ ಗಡಿ ಇದ್ದರೆ ಸಾಕು, ಗಟ್ಟಿ ಹಿಡಿತ ಬೇಕಿಲ್ಲ.

ಇನ್ನು ಸೈಲೇನ್. ಅದು ಹಿಡಿದುಕೊಳ್ಳುವುದು ಹೈಡ್ರಾಕ್ಸಿಲ್ (OH) ಗುಂಪನ್ನು. ಗಾಜಿನ ಮೇಲೆ ಅದು ಧಾರಾಳವಾಗಿದೆ. ಗ್ರಾಫೈಟ್ ಹಾಳೆಯ ಮುಖದ ಮೇಲೆ ಇಲ್ಲವೇ ಇಲ್ಲ ಅನ್ನಬಹುದು, ಅಂಚಿನಲ್ಲಿ ಸ್ವಲ್ಪ ಇರುತ್ತದೆ. ಮೊದಲು ನೈಟ್ರಿಕ್ ಆಸಿಡ್ ಅಥವಾ ಯುವಿ-ಓಝೋನ್‌ನಿಂದ ಆಕ್ಸಿಡೈಸ್ ಮಾಡಿ, ಆಮೇಲೆ ಸೈಲೇನ್ ಹಚ್ಚಿ. ಮುರಿದ ಮುಖವನ್ನು ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ನೋಡಿದಿರಾ?

ಉತ್ತರ 2:
38 ಪೂರ್ತಿ ಗ್ರಾಫೈಟ್‌ನದೇ ಅಂತ ನಂಬಬೇಡಿ. ನೀರಿನ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ 80ರ ಆಸುಪಾಸು. ಹಿಡಿತ ಸಡಿಲವಿದ್ದ ಕಡೆ ತೇವ ಹೋಗಿ ಕೂರುತ್ತದೆ. ಉಳಿದ ಅಸಿಟೋನ್ ಎಪಾಕ್ಸಿಯನ್ನು ಮೆತ್ತಗೆ ಮಾಡುತ್ತದೆ, ಬಲ ಇಳಿಯಲು ಅದೂ ಕಾರಣವಿರಬಹುದು. ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿ, ಎರಡೂ ಮುಖಕ್ಕೆ ಸಿಲ್ವರ್ ಪೇಸ್ಟ್ ಹಚ್ಚಿ ಮತ್ತೆ ಅಳೆಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. 80 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟೆ. 100 ಹರ್ಟ್ಸ್‌ನಲ್ಲಿ 38 ಇದ್ದದ್ದು 24ಕ್ಕೆ ಬಂತು, 1 ಮೆಗಾಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ. ಟ್ಯಾನ್ ಡೆಲ್ಟಾ (ವಿದ್ಯುತ್ ಶಕ್ತಿ ನಷ್ಟದ ಅಳತೆ) ಕೂಡ ಇಳಿಯಿತು. ಎಸ್‌ಇಎಂನಲ್ಲಿ ಚೂರುಗಳು ನುಣುಪಾಗಿ ಕಿತ್ತು ಬಂದಿವೆ, ಮೇಲೆ ಎಪಾಕ್ಸಿ ಒಂದಿಷ್ಟೂ ಅಂಟಿಲ್ಲ. ನೋಡಿ ಬೇಜಾರಾಯಿತು, ಆದರೆ ಕಾರಣ ಸಿಕ್ಕಿತಲ್ಲ. ಸೋಮವಾರ ಆಸಿಡ್ ಟ್ರೀಟ್‌ಮೆಂಟ್ ಶುರು ಮಾಡುತ್ತೇನೆ.

ಉತ್ತರ 1:
ಆಸಿಡ್‌ನಲ್ಲಿ ಜಾಸ್ತಿ ಹೊತ್ತು ಬಿಡಬೇಡಿ. ಹಾಳೆ ಕೆಟ್ಟರೆ ಕರೆಂಟ್ ಹರಿಯುವುದು ಕಡಿಮೆಯಾಗಿ ಡೈಎಲೆಕ್ಟ್ರಿಕ್ ಕೂಡ ಬೀಳುತ್ತದೆ. ಇನ್ನೊಂದು ಮಾತು: ದಪ್ಪ ಚೂರಿದ್ದರೆ ಹೊರಪದರ ಎಪಾಕ್ಸಿಗೆ ಅಂಟಿದರೂ ಒಳಪದರಗಳು ಒಂದರ ಮೇಲೊಂದು ಜಾರುತ್ತವೆ, ಪೆನ್ಸಿಲ್ ಗೀಚಿದಾಗ ಜಾರುತ್ತವಲ್ಲ ಹಾಗೆ. ಮುಂದಿನ ಸಲ ಎಸ್‌ಇಎಂನಲ್ಲಿ ಚೂರಿನ ದಪ್ಪವನ್ನೂ ನೋಡಿ.