ಏಳು ವರ್ಷಗಳ ಕುಂಬಾರಿಕೆಯ ಕಾರ್ಯಾಗಾರವನ್ನು ಮುಚ್ಚುವ ಹೊತ್ತು

ಪ್ರಶ್ನೆ:
ಏಳು ವರ್ಷ ಒಬ್ಬಳೇ ನಡೆಸಿದ ಮಣ್ಣಿನ ಪಾತ್ರೆಗಳ ಕಾರ್ಯಾಗಾರವನ್ನು ಮುಂದಿನ ತಿಂಗಳು ಮುಚ್ಚುತ್ತಿದ್ದೇನೆ. ನಷ್ಟವಾಗಿಲ್ಲ, ಆದರೆ ದಿನದ ಬಹುಪಾಲು ಬಿಲ್, ಪ್ಯಾಕಿಂಗ್ ಮತ್ತು ಗ್ರಾಹಕರ ಪತ್ರಗಳಲ್ಲೇ ಕಳೆದುಹೋಗಿ, ಕುಂಬಾರರ ಚಕ್ರವಾದ ತಿಗರಿಯ ಮುಂದೆ ಕೂರಲು ದಣಿದ ರಾತ್ರಿಗಳಷ್ಟೇ ಉಳಿದಿವೆ. ‘ಏನು ಮಾಡುತ್ತೀರಿ’ ಎಂದು ಯಾರಾದರೂ ಕೇಳಿದರೆ ಇಷ್ಟು ದಿನ ಉತ್ತರವಿತ್ತು. ಇನ್ನು ಮುಂದೆ ಏನೆಂದು ಹೇಳಲಿ? ಇದನ್ನು ದಾಟಿದವರು ದಯವಿಟ್ಟು ಬರೆಯಿರಿ.

ಉತ್ತರ 1:
ನಾನು ಪುಸ್ತಕ ಬೈಂಡಿಂಗ್ ನಿಲ್ಲಿಸಿ ಮೂರು ವರ್ಷವಾಯಿತು. ಹೊಸ ಆರ್ಡರ್‌ಗಳಿಗೆ ಕೊನೆಯ ದಿನಾಂಕವನ್ನು ತಿಳಿಸಿ, ಒಪ್ಪಿಕೊಂಡದ್ದನ್ನು ಮುಗಿಸಿ, ಮುಗಿಸಲಾಗದ್ದರ ಮುಂಗಡವನ್ನು ಅವರು ಕೇಳುವ ಮೊದಲೇ ಹಿಂದಿರುಗಿಸಿ. ಉಪಕರಣಗಳನ್ನು ಮಾತ್ರ ಆತುರದಲ್ಲಿ ಮಾರಬೇಡಿ. ನಾನು ಎಲ್ಲವನ್ನೂ ಮೊದಲ ವಾರವೇ ಮಾರಿದೆ. ಆರು ತಿಂಗಳ ನಂತರ, ಯಾರಿಗೂ ಮಾರಬೇಕಿಲ್ಲದ ಒಂದು ಪುಸ್ತಕವನ್ನು ಹೊಲಿಯುವ ಆಸೆಯಾದಾಗ, ಕೈಯಲ್ಲಿ ಸೂಜಿಯೂ ಇರಲಿಲ್ಲ.

ಉತ್ತರ 2:
ಉಪಕರಣದ ವಿಷಯದಲ್ಲಿ ನನ್ನ ಅನುಭವ ಬೇರೆ. ಮಗ್ಗ ಕಣ್ಣೆದುರಿಗಿದ್ದಷ್ಟು ಕಾಲ, ನನ್ನ ನೇಯ್ಗೆಯ ಅಂಗಡಿ ಮುಚ್ಚಿದೆ ಎಂಬುದನ್ನು ನನ್ನ ಮನಸ್ಸು ಒಪ್ಪಲೇ ಇಲ್ಲ. ಕಲಿಯುತ್ತಿದ್ದ ಹುಡುಗಿಯೊಬ್ಬಳಿಗೆ ಅದನ್ನು ಕೊಟ್ಟ ರಾತ್ರಿ ಚೆನ್ನಾಗಿ ಅತ್ತೆ, ಚೆನ್ನಾಗಿ ನಿದ್ರಿಸಿದೆ. ಈಗಲೂ ನಾನು ನೇಕಾರಳೆಂದೇ ಹೇಳಿಕೊಳ್ಳುತ್ತೇನೆ, ಏಕೆಂದರೆ ಬಟ್ಟೆಯನ್ನು ನೋಡುವ ಕಣ್ಣು ಬದಲಾಗಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಪಾತ್ರೆ ಸುಡುವ ಆವಿಗೆಯನ್ನು ಕೊಟ್ಟುಬಿಡುತ್ತೇನೆ, ತಿಗರಿಯನ್ನು ಇಟ್ಟುಕೊಳ್ಳುತ್ತೇನೆ. ಮುಂಗಡದ ಪಟ್ಟಿಯನ್ನು ಇಂದೇ ಬರೆಯಲು ಕೂತಿದ್ದೇನೆ.