ಪದಚರ್ಚೆ: ಬೀಸಿ ಮಾಡುವ ವ್ಯಾಯಾಮದ ‘ಕ್ಲಬ್’ಗೆ ಕನ್ನಡ ಪದ ಬೇಕು (ಬ್ಯಾನರ್‌ಗೆ, ನಾಳೆ ಮಧ್ಯಾಹ್ನದೊಳಗೆ)

ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ನಾಳೆ ಮಧ್ಯಾಹ್ನ ಬ್ಯಾನರ್ ಅಚ್ಚಿಗೆ ಹೋಗುತ್ತದೆ.

ಮೊನ್ನೆ ಹೊಸಬರಿಗೆಂದೇ ನಡೆದ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಬಾಟಲಿ ಆಕಾರದ ಮರದ ಸಾಧನ. ಹಿಡಿ ಸಪೂರ, ತುದಿ ಕಡೆಗೆ ದಪ್ಪ ಮತ್ತು ಭಾರ. ಅದನ್ನು ಹಿಡಿದು ಬೀಸಬೇಕು, ಭುಜದ ಮೇಲಿಂದ ಬೆನ್ನ ಹಿಂದಕ್ಕೆ ಸುತ್ತಿಸಿ ಮತ್ತೆ ಮುಂದಕ್ಕೆ ತರಬೇಕು. ಭುಜ, ಮುಂಗೈ, ಸೊಂಟ ಗಟ್ಟಿಯಾಗಲಿ ಅಂತ ಮಾಡುವ ವ್ಯಾಯಾಮ. ಇಂಗ್ಲಿಷಿನಲ್ಲಿ ‘ಇಂಡಿಯನ್ ಕ್ಲಬ್’ ಅನ್ನುತ್ತಾರೆ.

ಪಾಠವೆಲ್ಲ ಇಂಗ್ಲಿಷಿನಲ್ಲೇ ಇತ್ತು. ನನ್ನ ಪಕ್ಕದಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಪ್ರತಿ ಸಲ ನನ್ನ ಕೈ ನೋಡಿಕೊಂಡು ಆಮೇಲೆ ತಮ್ಮ ಕೈ ಎತ್ತುತ್ತಿದ್ದರು. ಇದರಲ್ಲಿ ಅಷ್ಟು ತಡವೂ ಆಗಬಾರದು. ಹಿಂದಕ್ಕೆ ಹೋದ ತೂಕ ಯಾರಿಗೂ ಕಾಯುವುದಿಲ್ಲ. ಮೊಣಕೈ ಮೇಲಕ್ಕೆ ಏಳುವ ಮೊದಲೇ ಅದು ಬೆನ್ನಿಗೆ ಬಂದು ಬಡಿಯುತ್ತದೆ. ಅವರಿಗೆ ಹಾಗೇ ಆಯಿತು.

ಈಗ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಇದನ್ನೇ ಕನ್ನಡದಲ್ಲಿ ಮಾಡಿಸುತ್ತಿದ್ದೇವೆ. ಬ್ಯಾನರ್ ಮತ್ತು ಒಂದು ಪುಟದ ಕರಪತ್ರ ಬರೆಯುವುದು ನನ್ನ ಪಾಲಿಗೆ ಬಂದಿದೆ. ‘ಕ್ಲಬ್ ತರಬೇತಿ’ ಅಂತ ಹಾಕಿದರೆ ಇಸ್ಪೀಟು ಕ್ಲಬ್ಬು ಅಂದುಕೊಳ್ಳುತ್ತಾರೆ. ಹಾಗಾಗಿ ಸಾಧನಕ್ಕೆ ಒಂದು ಹೆಸರು ಬೇಕು. ‘ಸ್ವಿಂಗ್’ಗೆ ಒಂದು ಕ್ರಿಯಾಪದ ಬೇಕು. ಹೊಸಬರ ಕಾರ್ಯಾಗಾರ ಅನ್ನುವುದಕ್ಕೆ ಇನ್ನೂ ಹಗುರಾದ ಮಾತಿದ್ದರೆ ಅದನ್ನೂ ಹೇಳಿ.

ಮೈಸೂರಿನಿಂದ:

ಗದೆ. ಇದಕ್ಕೆ ಚರ್ಚೆ ಯಾಕೆ?

ಬೆಂಗಳೂರಿನಿಂದ:

ಗದೆ ಬೇರೆ ಸರ್. ಗದೆಗೆ ಉದ್ದದ ಕೋಲು, ತುದಿಯಲ್ಲಿ ಗುಂಡು. ಇದರಲ್ಲಿ ಕೋಲು, ಗುಂಡು ಅಂತ ಎರಡು ಭಾಗ ಇಲ್ಲ. ಒಂದೇ ಮರದ ತುಂಡನ್ನು ಲೇತ್‌ನಲ್ಲಿ ಕಡೆದಿರುತ್ತಾರೆ. ಗದೆ ಅಂದ ಕೂಡಲೇ ಹನುಮಂತ, ಭೀಮ ಕಣ್ಣ ಮುಂದೆ ಬರುತ್ತಾರೆ. ಅರವತ್ತು ದಾಟಿದವರು ಬ್ಯಾನರ್ ನೋಡಿಯೇ ವಾಪಸ್ ಹೋಗುತ್ತಾರೆ.

ಧಾರವಾಡದಿಂದ:

ಮೇಡಂ, ಇದು ಮುದ್ಗರ. ಮರಾಠಿಯವರು ಮುದ್ಗಲ ಅನ್ನುತ್ತಾರೆ, ಹಿಂದಿಯವರು ಮುಗ್ದರ್. ಜೋಡಿಯಾಗಿ ಬೀಸಿದರೆ ಉತ್ತರದಲ್ಲಿ ಅದಕ್ಕೆ ಜೋಡಿ ಅಂತಲೇ ಹೆಸರು. ಇದನ್ನೆಲ್ಲ ಮಾಡುವ ಗರಡಿ ಮನೆಗೆ ನಮ್ಮ ಕಡೆ ತಾಲೀಮು ಅನ್ನುತ್ತೇವೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿದ್ದೀರಲ್ವಾ? ಅದು ಎತ್ತುವ ಭಾರ, ಇದು ಬೀಸುವ ಭಾರ. ಎತ್ತುವುದಕ್ಕೂ ಬೀಸುವುದಕ್ಕೂ ಬೇರೆ ಬೇರೆ ಹೆಸರು ಮೊದಲಿನಿಂದಲೂ ಇದೆ. ಹೊಸದಾಗಿ ಹುಟ್ಟಿಸುವ ಕೆಲಸ ಇಲ್ಲ.

ರಾಯಚೂರಿನಿಂದ:

ನಮ್ಮ ಮುದ್ಗಲ್ ಕೋಟೆಗೆ ಇದರಿಂದಲೇ ಹೆಸರು ಬಂದಿರಬಹುದಾ?

ಧಾರವಾಡದಿಂದ:

ಇಲ್ಲ. ಆ ಹೆಸರಿಗೆ ಬೇರೆ ದಾರಿ ಇದೆ. ಅದನ್ನು ಇಲ್ಲಿ ಎಳೆಯಬೇಡಿ.

ಶಿವಮೊಗ್ಗದಿಂದ:

ಮುದ್ಗರ ಸಂಸ್ಕೃತ. ಬೇಡ. ದಿನಬಳಕೆಯ ವಸ್ತುವಿಗೆ ಒತ್ತಕ್ಷರದ ಎರವಲು ಯಾಕೆ ಹೊರಬೇಕು? ಕನ್ನಡದಲ್ಲಿ ಕೊಡತಿ ಇದೆ. ಬೀಸುವ ಕೊಡತಿ ಬೀಸುಗೊಡತಿ. ಆದೇಶ ಸಂಧಿ ತಾನಾಗೇ ಆಗುತ್ತದೆ, ಓದುವುದಕ್ಕೂ ಚೆನ್ನ. ಕೊಡತಿ ಬೇಡವಾದರೆ ದೊಣ್ಣೆ. ಗಾದೆಯೇ ಇದೆಯಲ್ಲ: ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಬೀಸು ಮತ್ತು ದೊಣ್ಣೆ ಎರಡೂ ಜೊತೆಗೇ ಇವೆ. ಕಾರ್ಯಾಗಾರ ಅನ್ನುವುದನ್ನೂ ಬಿಡಿ, ಕಮ್ಮಟ ಅನ್ನಿ.

ಮೈಸೂರಿನಿಂದ:

ಆ ಗಾದೆಯಲ್ಲಿ ದೊಣ್ಣೆ ಬೀಸುವುದು ತಲೆ ಒಡೆಯುವುದಕ್ಕೆ! ವ್ಯಾಯಾಮ ಕಲಿಯಿರಿ ಅಂತ ಕರೆಯುವ ಬ್ಯಾನರ್ ಮೇಲೆ ಅದನ್ನು ಹಾಕುತ್ತೀರಾ? ಕೊಡತಿಯೂ ಅಷ್ಟೇ. ಅದು ಹೊಲದಲ್ಲಿ ಹೆಂಟೆ ಒಡೆಯುವ ಸಾಧನ, ತಲೆ ಅಡ್ಡಕ್ಕೆ ಇರುತ್ತದೆ. ಆಕಾರವೂ ಬೇರೆ, ಕೆಲಸವೂ ಬೇರೆ. ಇನ್ನು ಸಂಧಿ. ಬೀಸುಕಲ್ಲು ಅಂತ ಮನೆಮನೆಯಲ್ಲೂ ಆಡಿದ ಭಾಷೆ ಇದು. ಅಲ್ಲಿ ಕ ಹಾಗೇ ನಿಂತಿದೆ. ತಾನಾಗೇ ಆಗುತ್ತದೆ ಅನ್ನಬೇಡಿ.

ಶಿವಮೊಗ್ಗದಿಂದ:

ಬೀಸುಗಲ್ಲು ಅನ್ನುವವರೂ ಇದ್ದಾರೆ. ನಿಮ್ಮ ಮನೆಯೇ ಇಡೀ ಕರ್ನಾಟಕ ಅಲ್ಲ.

ಚೆನ್ನೈನಿಂದ:

ಇಲ್ಲಿ ತಮಿಳಿನಲ್ಲಿ ಇದಕ್ಕೆ ಕರ್ಲಾಕಟ್ಟೈ ಅನ್ನುತ್ತಾರೆ. ಈಗಲೂ ಬಳಕೆಯಲ್ಲಿದೆ, ಹುಡುಗರು ಕಲಿಯುತ್ತಾರೆ. ನಾವೂ ಅದನ್ನೇ ತೆಗೆದುಕೊಳ್ಳಬಾರದಾ? ಅಕ್ಕಪಕ್ಕದ ನುಡಿ, ಸಂಸ್ಕೃತದ ಗೊಡವೆಯೂ ಇಲ್ಲ.

ಧಾರವಾಡದಿಂದ:

ಕಟ್ಟೈ ಅಂದರೆ ತಮಿಳಿನಲ್ಲಿ ಮರದ ತುಂಡು, ನಮ್ಮ ಕಟ್ಟಿಗೆಯ ಬಳಗದ್ದು. ಕನ್ನಡದಲ್ಲಿ ಅದನ್ನು ಕಟ್ಟೆ ಅಂತ ಬರೆದರೆ ಅರಳಿಕಟ್ಟೆ ಆಗುತ್ತದೆ. ಜನ ಕೂರುವುದಕ್ಕೆ ಬರುತ್ತಾರೆ, ಬೀಸುವುದಕ್ಕಲ್ಲ.

ಕ್ಯಾಲಿಫೋರ್ನಿಯಾದಿಂದ:

ಹೆಸರು ‘ಇಂಡಿಯನ್ ಕ್ಲಬ್’ ಆದದ್ದು ಹೇಗೆ ಅನ್ನುವುದೂ ಇಲ್ಲಿ ಸೇರಬೇಕು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಇದನ್ನು ನೋಡಿ ತಮ್ಮ ದೇಶಕ್ಕೆ ಒಯ್ದರು. 1834ರ ಹೊತ್ತಿಗೆ ಲಂಡನ್ನಿನ ವ್ಯಾಯಾಮದ ಪುಸ್ತಕದಲ್ಲಿ ಚಿತ್ರ ಸಮೇತ ಬಂದಿತ್ತು. 1861ರಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಕಂಡ ಸಿಮ್ ಕೀಹೋ ಎಂಬ ಅಮೆರಿಕದವರು ನ್ಯೂಯಾರ್ಕ್‌ನಲ್ಲಿ ತಯಾರಿಸಿ ಮಾರುವುದಕ್ಕೆ ಶುರು ಮಾಡಿದರು. 1904ರ ಸೇಂಟ್ ಲೂಯಿಸ್ ಮತ್ತು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗಳಲ್ಲಿ ಇದು ಸ್ಪರ್ಧೆಯೇ ಆಗಿತ್ತು. ಈಗ ರಿದಮಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಹುಡುಗಿಯರು ಹಿಡಿಯುವ ಜೋಡಿಯೂ ಇದೇ ಮನೆತನದ್ದು. ಇರಾನಿನ ಜೂರ್‌ಖಾನೆಗಳಲ್ಲಿ, ಅಂದರೆ ಅಲ್ಲಿಯ ಗರಡಿ ಮನೆಗಳಲ್ಲಿ, ಮೀಲ್ ಅಂತ ದೊಡ್ಡ ದೊಡ್ಡವು ಇವೆ. ಆ ಪದ್ಧತಿಯನ್ನು 2010ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಭಾರತದಿಂದ ಹೋದದ್ದನ್ನು ಈಗ ಇಂಗ್ಲಿಷ್ ಹೆಸರು ಹಾಕಿ ನಮಗೇ ಕಲಿಸುತ್ತಿದ್ದಾರೆ ಅನ್ನುವುದು ನನಗೆ ನೋವಿನ ವಿಷಯ.

ಶಿವಮೊಗ್ಗದಿಂದ:

ಅದಕ್ಕೇ ಹೇಳುವುದು. ಇಂಗ್ಲಿಷಿನ ಎರವಲು ಬಿಟ್ಟು ಸಂಸ್ಕೃತದ ಎರವಲಿಗೆ ಹೋದರೆ ಏನು ಬಂತು? ಗರಡಿ ಮನೆ ನಮ್ಮ ಮಣ್ಣಿನದು. ಅಲ್ಲಿಯ ಮಾತೂ ಅಚ್ಚಗನ್ನಡವೇ ಇರಬೇಕು. ಗರಡಿ, ಸಾಮು. ಎಷ್ಟು ಚೆಂದ ನೋಡಿ.

ಮೈಸೂರಿನಿಂದ:

ಸಾಮು ಅಚ್ಚಗನ್ನಡ ಅಂದಿರಲ್ಲ, ಅದು ಶ್ರಮದ ತದ್ಭವ. ತೆಲುಗಿನ ಸಾಮೂ ಅದೇ. ಅವರಲ್ಲೂ ಸಾಮು, ಗರಿಡಿ ಜೊತೆಜೊತೆಗೇ ಬರುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆಸಿದ ಮಾನಸೋಲ್ಲಾಸದಲ್ಲಿ ಜಟ್ಟಿಗಳ ಅಭ್ಯಾಸಕ್ಕೆಲ್ಲ ಶ್ರಮ ಅಂತಲೇ ಹೆಸರು. ಭಾರ ಎತ್ತುವುದು ಭಾರಶ್ರಮ, ಕಂಬದ ಮೇಲಿನದು ಸ್ತಂಭಶ್ರಮ, ಈಜುವುದು ಸಲಿಲಶ್ರಮ. ಆ ಶ್ರಮವೇ ಬಾಯಲ್ಲಿ ಸವೆದು ಸಾಮು ಆಯಿತು. ನೀವು ಅಪ್ಪಿಕೊಂಡ ಪದವೇ ಎರವಲು.

ಇನ್ನೂ ಹೇಳುತ್ತೇನೆ. ಕುಸ್ತಿ ಪಾರಸಿ. ಪೈಲ್ವಾನ್ ಪಾರಸಿ. ಉಸ್ತಾದ್ ಪಾರಸಿ. ತಾಲೀಮು ಅರಬ್ಬಿ. ಇವನ್ನೆಲ್ಲ ಹೊರಗೆ ಹಾಕಿದರೆ ಗರಡಿಯಲ್ಲಿ ಉಳಿಯುವುದು ಮಣ್ಣು ಮಾತ್ರ.

ಶಿವಮೊಗ್ಗದಿಂದ:

ಸವೆದು ಬಂದ ತದ್ಭವಕ್ಕೂ ಹಾಗೇ ಎತ್ತಿಟ್ಟ ತತ್ಸಮಕ್ಕೂ ವ್ಯತ್ಯಾಸ ಇದೆ. ಸಾಮು ಕನ್ನಡದ ಬಾಯಿಗೆ ಒಗ್ಗಿದೆ. ಮುದ್ಗರ ಒಗ್ಗಿಲ್ಲ. ನನ್ನ ಮಾತು ಅಷ್ಟೇ.

ಮೈಸೂರಿನಿಂದ:

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಧಾರವಾಡದಿಂದ:

ಇಬ್ಬರೂ ಸ್ವಲ್ಪ ನಿಲ್ಲಿಸಿ. ಮೇಡಂಗೆ ನಾಳೆ ಪದ ಬೇಕು. ಮುದ್ಗರ ಒಗ್ಗಿಲ್ಲ ಅನ್ನುವುದಕ್ಕೆ ಒಂದೇ ಮಾತು: ಹಿಂದಿಯಲ್ಲಿ ಮಲ್ಲಿಗೆಗೆ ಮೊಗ್ರಾ ಅನ್ನುತ್ತಾರೆ, ಅದೂ ಮುದ್ಗರವೇ. ಸಂಸ್ಕೃತದಲ್ಲಿ ಮುದ್ಗರಕ್ಕೆ ಒಂದು ಜಾತಿಯ ಮಲ್ಲಿಗೆ ಅನ್ನುವ ಅರ್ಥವೂ ಇತ್ತು. ಆ ಪದ ಹೂವಾಗಿ ಮುಡಿಗೇರಿದೆ. ಬ್ಯಾನರ್‌ಗೆ ಏರಿದರೆ ಏನು ಕಷ್ಟ?

ಕ್ರಿಯಾಪದದ ಬಗ್ಗೆ ಯಾರೂ ಸರಿಯಾಗಿ ಮಾತಾಡಿಲ್ಲ. ಕಲಿಯುವವರಿಗೆ ಅದೇ ಮುಖ್ಯ. ಹೆಸರು ಗೊತ್ತಿಲ್ಲದಿದ್ದರೂ ಬೀಸಬಹುದು. ಏನು ಮಾಡಬೇಕು ಅನ್ನುವ ಮಾತು ತಪ್ಪಿದರೆ ಭುಜ ಹೋಗುತ್ತದೆ.

ಇಂಗ್ಲಿಷಿನವರಿಗೆ ‘ಸ್ವಿಂಗ್’ ಒಂದೇ. ನಮಗೆ ಮೂರಿವೆ, ಮೂರೂ ಬೇರೆ. ಮೊದಲನೆಯದು ತೂಗು. ಕೈ ಇಳಿಬಿಟ್ಟು, ತೊಟ್ಟಿಲು ತೂಗಿದ ಹಾಗೆ ಹಿಂದಕ್ಕೂ ಮುಂದಕ್ಕೂ. ಇಲ್ಲಿ ಬಲ ಹಾಕುವಂತಿಲ್ಲ. ಹೊಸಬರು ಇಲ್ಲಿಂದಲೇ ಶುರು ಮಾಡಬೇಕು. ಎರಡನೆಯದು ಬೀಸು. ಚಾಟಿ ಬೀಸು, ಬಲೆ ಬೀಸು ಅನ್ನುವಾಗಿನ ಬೀಸು. ಸೊಂಟದಿಂದ ಬಲ ಬಂದು ಕೈಯಿಂದ ಹೊರಡುತ್ತದೆ. ಮೂರನೆಯದು ಸುತ್ತಿಸು. ತೂಕ ಬೆನ್ನ ಹಿಂದೆ ಇಳಿದಾಗ ಮೊಣಕೈ ಆಕಾಶ ನೋಡಬೇಕು, ಹಿಡಿ ಸ್ವಲ್ಪ ಸಡಿಲ ಆಗಬೇಕು, ಕಿರುಬೆರಳು ಮಾತ್ರ ಹಿಡಿಯ ಕೊನೆಯಲ್ಲಿರುವ ಪುಟ್ಟ ಉಬ್ಬಿಗೆ ಕೊಕ್ಕೆ ಹಾಕಿರಬೇಕು. ನಿಮ್ಮ ಪಕ್ಕದಲ್ಲಿದ್ದವರ ಬೆನ್ನಿಗೆ ಬಡಿದದ್ದು ಇದೇ ಜಾಗದಲ್ಲಿ. ಅವರು ಸುತ್ತಿಸಬೇಕಾದ ಕಡೆ ಬೀಸಿದ್ದಾರೆ. ಮೂರಕ್ಕೂ ಒಂದೇ ಪದ ಕೇಳಿಸಿದರೆ ಹಾಗಾಗುವುದು ಸಹಜ. ಕರಪತ್ರದಲ್ಲಿ ಮೂರನ್ನೂ ಬೇರೆ ಬೇರೆ ಬರೆಯಿರಿ.

ಶಿವಮೊಗ್ಗದಿಂದ:

ತೂಗು ಅನ್ನುವುದು ಸರಿಯಾದ ಪದ, ಒಪ್ಪುತ್ತೇನೆ. ಭಾರ ನೋಡುವುದೂ ತೂಗುವುದೇ, ತೊಟ್ಟಿಲು ಆಡಿಸುವುದೂ ತೂಗುವುದೇ. ತೂಕವೂ ಅಲ್ಲಿಂದಲೇ. ಈ ವ್ಯಾಯಾಮದ ಎರಡೂ ಗುಣ ಒಂದೇ ಅಚ್ಚಗನ್ನಡ ಧಾತುವಿನಲ್ಲಿ ಸಿಕ್ಕಿತು. ಹಾಗಿದ್ದರೆ ಸಾಧನವನ್ನೇ ತೂಗುಗೊಡತಿ ಅನ್ನಬಹುದಲ್ಲ?

ಮೈಸೂರಿನಿಂದ:

ಕೊಡತಿ ಬಿಡಿ ಸ್ವಾಮಿ.

ಬೆಂಗಳೂರಿನಿಂದ:

ಎಲ್ಲರಿಗೂ ಧನ್ಯವಾದ. ಬ್ಯಾನರ್ ಮೇಲೆ ಹೀಗೆ ಹಾಕುತ್ತಿದ್ದೇನೆ: ‘ಮುದ್ಗರ ಸಾಮು. ಹೊಸಬರಿಗೆ ಮೊದಲ ಪಾಠ.’ ಕೆಳಗೆ ಸಾಧನದ ಚಿತ್ರ. ಕಮ್ಮಟ ಒಳ್ಳೆಯ ಪದವೇ. ಆದರೆ ಕಥಾಕಮ್ಮಟ, ಕಾವ್ಯಕಮ್ಮಟ ಅಂತ ಬಳಸಿ ಬಳಸಿ ಅದು ಸಾಹಿತ್ಯದ ಸ್ವತ್ತಾಗಿದೆ. ನಮ್ಮ ಬಡಾವಣೆಯವರು ಕವಿತೆ ಓದಿಸುತ್ತಾರೇನೋ ಅಂದುಕೊಂಡಾರು. ಸಾಮು ಎರವಲೋ ಅಲ್ಲವೋ, ಅಜ್ಜಿಯರಿಗೂ ಗೊತ್ತಿರುವ ಮಾತು. ನನಗೆ ಅಷ್ಟು ಸಾಕು.

ಕರಪತ್ರದಲ್ಲಿ ತೂಗು, ಬೀಸು, ಸುತ್ತಿಸು ಮೂರನ್ನೂ ಧಾರವಾಡದ ಸರ್ ಹೇಳಿದ ಕ್ರಮದಲ್ಲೇ ಬರೆದಿದ್ದೇನೆ. ತೂಕದ ಬಗ್ಗೆ ‘ಅರ್ಧ ಕೆಜಿಯಿಂದ ಒಂದು ಕೆಜಿ’ ಅಂತ ಹಾಕಿದ್ದೇನೆ. ಸರೀನಾ?

ಧಾರವಾಡದಿಂದ:

ಸರಿ. ಅದರ ಪಕ್ಕದಲ್ಲಿ ಕಾರಣವನ್ನೂ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಜಿಮ್ಮಿಗೆ ಹೋಗುವ ಹುಡುಗರು ಇಷ್ಟೇನಾ ಅಂತ ದೊಡ್ಡದು ಎತ್ತಿಕೊಳ್ಳುತ್ತಾರೆ. ಡಂಬೆಲ್‌ನ ಭಾರ ಅಂಗೈಯಲ್ಲೇ ಇರುತ್ತದೆ. ಮುದ್ಗರದ ಭಾರ ಕೈಯಿಂದ ದೂರ, ತುದಿಯಲ್ಲಿರುತ್ತದೆ. ತೂಕ ಅಷ್ಟೇ ಇದ್ದರೂ ಮಣಿಕಟ್ಟಿಗೂ ಭುಜಕ್ಕೂ ಬೀಳುವ ಎಳೆತ ಜಾಸ್ತಿ, ಬೀಸಿದಾಗ ಇನ್ನೂ ಜಾಸ್ತಿ. ಮೊದಲ ದಿನ ಒಂದೇ ಕೊಡಿ. ಜೋಡಿ ಆಮೇಲೆ.

ಮೈಸೂರಿನಿಂದ:

ಎರಡು ಮಾತು. ದ ಕೆಳಗೆ ಗ ಒತ್ತು ಇದೆ. ಬ್ಯಾನರ್‌ನವರ ಫಾಂಟಿನಲ್ಲಿ ಅದು ‘ಮುದ್ದರ’ ಆಗುವ ಸಾಧ್ಯತೆ ಇದೆ, ಪ್ರೂಫ್ ನೋಡದೆ ಬಿಡಬೇಡಿ. ಮತ್ತೆ ಸಮುದಾಯ ಭವನ ಅಂದಿರಿ. ಅಲ್ಲಿ ಫ್ಯಾನ್ ಎಷ್ಟು ಎತ್ತರದಲ್ಲಿದೆ ಅಂತ ಕೈಯಲ್ಲಿ ಮುದ್ಗರ ಹಿಡಿದು ನಿಂತೇ ನೋಡಿಕೊಳ್ಳಿ. ಸಾಲಿನಲ್ಲಿ ನಿಲ್ಲಿಸುವಾಗ ಒಬ್ಬರಿಗೂ ಇನ್ನೊಬ್ಬರಿಗೂ ಎರಡು ಚಾಚು ಕೈ ಅಂತರ ಇರಲಿ.