ಮಳೆಗಾಲದ ಹೋಮ್‌ಸ್ಟೇಗೆ ಅರ್ಧ ಬೆಲೆಯ ಕೂಪನ್: ಗಿಟ್ಟುತ್ತದೆಯೇ?

ಕಾಫಿಕಣ:
ಮಡಿಕೇರಿಯಿಂದ ಒಳಗೆ ಮೂರು ಕೋಣೆಯ ಹೋಮ್‌ಸ್ಟೇ. ಇಬ್ಬರಿಗೆ ರಾತ್ರಿ ಊಟ, ತಿಂಡಿ ಸೇರಿ 3,000 ರೂ. ಜೂನ್ ಮಧ್ಯದಿಂದ ಮೂರು ತಿಂಗಳು ಸೋಮವಾರದಿಂದ ಗುರುವಾರ ಪೂರ್ತಿ ಖಾಲಿ. ಒಂದು ಡೀಲ್ ಸೈಟಿನವರು 1,500ಕ್ಕೆ ಕೂಪನ್ ಮಾರಿಕೊಡುತ್ತಾರಂತೆ, ಅದರಲ್ಲಿ ಅರ್ಧ ಅವರಿಗೆ. ಖಾಲಿ ಬಿಡುವುದಕ್ಕಿಂತ ವಾಸಿಯೇ?

ಲೆಕ್ಕದಪುಸ್ತಕ:
ಒಂದು ಕೂಪನ್ನಿನ ಲೆಕ್ಕ ಮೊದಲು ಹಾಕಿ. 1,500ರಲ್ಲಿ ಕಮಿಷನ್ 750, ಆ ಕಮಿಷನ್ ಮೇಲೆ 18% ಜಿಎಸ್‌ಟಿ 135. ನೀವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲದಿದ್ದರೆ ಆ 135 ಹೋದಂತೆಯೇ. ಕೈಗೆ 615. ಖರ್ಚು ಅಂದಾಜಿಗೆ: ಇಬ್ಬರ ಊಟ 350 (ಪಂದಿ ಕರಿ ಬಡಿಸಿದರೆ ಅಷ್ಟರಲ್ಲಿ ಮುಗಿಯಲ್ಲ), ತಿಂಡಿ 150, ಬಟ್ಟೆ ಒಗೆತ 120, ಬಿಸಿನೀರು 60. ಒಟ್ಟು 680. ಪ್ರತಿ ಕೂಪನ್ನಿಗೂ ನಿಮ್ಮ ಕೈಯಿಂದಲೇ 65 ರೂ.

ಊಟ ಹೊರಗಿಡಿ. ಆಗ ಖರ್ಚು 330, ಉಳಿಕೆ 285. ಊಟ ಬೇಕಾದವರು ಹಿಂದಿನ ದಿನವೇ ಹೇಳಲಿ, ತಲೆಗಿಷ್ಟು ಅಂತ ಬೇರೆ ದುಡ್ಡು. ಸುರಿಯುವ ಮಳೆಯಲ್ಲಿ ರಾತ್ರಿ ಊಟಕ್ಕೆ ಮಡಿಕೇರಿ ಪೇಟೆಗೆ ಹೋಗುವವರು ಕಡಿಮೆ, ನಾಲ್ಕು ಕಾಸು ಸಿಗುವುದೇ ಆ ಊಟದಲ್ಲಿ.

ಇನ್ನೊಂದು, ಜುಲೈನಲ್ಲಿ ಬೆಡ್‌ಶೀಟ್ ಎರಡು ದಿನವಾದರೂ ಒಣಗಲ್ಲ. ಅರೆಒಣಗಿದ್ದು ಹಾಸಿದರೆ ಮುಗ್ಗಲು ವಾಸನೆ, ರಿವ್ಯೂನಲ್ಲಿ ಅದೇ ಮೊದಲ ಸಾಲು. ಹಾಸಿಗೆಗೆ ನಾಲ್ಕು ಜೊತೆ ಇರಲಿ.

ಸಂತೆಮಾಳ:
ಮೇಲಿನ ಲೆಕ್ಕ ಸರಿ. ಆದರೆ ಮುಳುಗಿಸುವುದು ಮಾರಿದ ಕೂಪನ್ನುಗಳ ಸಂಖ್ಯೆ. 2008ರಲ್ಲಿ ಷಿಕಾಗೋದಲ್ಲಿ ಗ್ರೂಪಾನ್ ಎಂಬ ಡೀಲ್ ಸೈಟ್ ಶುರುವಾದಾಗ ಇಷ್ಟು ಜನ ಸೇರಿದರೆ ಮಾತ್ರ ಡೀಲ್ ಜಾರಿ ಎಂಬ ಕನಿಷ್ಠ ಮಿತಿ ಇತ್ತು, ಹೆಸರಿನಲ್ಲಿರುವ 'ಗ್ರೂಪ್' ಅದೇ. ಕನಿಷ್ಠದ ಬಗ್ಗೆ ಎಲ್ಲರೂ ಮಾತಾಡಿದರು, ಗರಿಷ್ಠವನ್ನು ಅಂಗಡಿಯವರು ಮರೆತರು. 2011ರಲ್ಲಿ ಇಂಗ್ಲೆಂಡಿನ ರೆಡಿಂಗ್ ಬಳಿಯ ಒಂದು ಬೇಕರಿ ಹನ್ನೆರಡು ಕಪ್‌ಕೇಕನ್ನು 75% ರಿಯಾಯಿತಿಗೆ ಕೊಟ್ಟಿತು. ಮಿತಿ ಹಾಕಿರಲಿಲ್ಲ. 8,500 ಜನ ಕೊಂಡರು, 1,02,000 ಕೇಕ್ ಬೇಯಿಸಬೇಕಾಯಿತು.

ನಿಮ್ಮಲ್ಲಿ 3 ಕೋಣೆ, ವಾರಕ್ಕೆ 4 ರಾತ್ರಿ, 13 ವಾರ: 156. ಮಾರುವುದು 100 ದಾಟಬಾರದು. ಕೊಂಡವರು ಮೊದಲೆರಡು ವಾರ ಬರುತ್ತಾರೆ, ಆಮೇಲೆ ಅವಧಿ ಮುಗಿಯುವ ಹೊತ್ತಿಗೆ ಒಟ್ಟಿಗೆ ನುಗ್ಗುತ್ತಾರೆ. ಆಗಸ್ಟ್ 15, ಗೌರಿ ಗಣೇಶ, ಸೆಪ್ಟೆಂಬರ್ 3ರ ಕೊಡವರ ಹಬ್ಬ ಕೈಲ್ ಮುಹೂರ್ತ ಕರಾರಿನಲ್ಲೇ ಹೊರಗಿರಲಿ. ಕೈಲ್ ಮುಹೂರ್ತಕ್ಕೆ ಅಡುಗೆಯವರೂ ಸಿಗಲ್ಲ.

ಮೂರು ಷರತ್ತು ಬರೆಸಿಕೊಳ್ಳಿ. ಬಳಸದೆ ಉಳಿದ ಕೂಪನ್ನಿನ ದುಡ್ಡು ಯಾರಿಗೆ. ನಿಮ್ಮ ಪಾಲು ಎಷ್ಟು ದಿನದೊಳಗೆ ಬ್ಯಾಂಕಿಗೆ. 2018ರ ಆಗಸ್ಟ್‌ನಂತೆ ಗುಡ್ಡ ಕುಸಿದು ದಾರಿ ಮುಚ್ಚಿದರೆ ದಿನಾಂಕ ಮುಂದೂಡುವುದೋ, ದುಡ್ಡು ವಾಪಸೋ, ವಾಪಸಾದರೆ ಕಮಿಷನ್ ಯಾರ ತಲೆಗೆ.

ಕಾಫಿಕಣ:
ಒಂದೇ ಕೂಪನ್ ಇಬ್ಬರು ತಂದರೆ?

ಸಂತೆಮಾಳ:
ಸ್ಕ್ರೀನ್‌ಶಾಟ್ ನಂಬಬೇಡಿ. ಬುಕಿಂಗ್ ಫೋನ್ ಬಂದಾಗಲೇ ಕೋಡ್ ಕೇಳಿ ದಿನಾಂಕದ ಮುಂದೆ ಬರೆದಿಡಿ. ಬಂದ ಕೂಡಲೇ, ಕೋಣೆಯ ಬೀಗದಕೈ ಕೊಡುವ ಮೊದಲು, ಸೈಟಿನಲ್ಲಿ ಕೋಡ್ ಹಾಕಿ 'ಬಳಸಲಾಗಿದೆ' ಅಂತ ಮಾಡಿ. ನೆಟ್‌ವರ್ಕ್ ಇಲ್ಲದ ಜಾಗವಾದರೆ ಹಿಂದಿನ ಸಂಜೆಯೇ ಕೋಡ್ ಪರೀಕ್ಷಿಸಿ. ಮರೆತರೆ ಆ ರಾತ್ರಿಯ ದುಡ್ಡಿಗೆ ಪತ್ರ ಬರೆಯುತ್ತಾ ಕೂರಬೇಕು.

ಏಲಕ್ಕಿಗಿಡ:
ನನ್ನ ಪ್ರಕಾರ ಸೈಟೇ ಬೇಡ. 1,500 ಅಂತ ಒಮ್ಮೆ ನೆಟ್ಟಿಗೆ ಬಿದ್ದರೆ ಡಿಸೆಂಬರಿನಲ್ಲಿ 3,000 ಕೊಡುವವರು ಅದನ್ನೇ ತೋರಿಸಿ ಚೌಕಾಸಿಗೆ ನಿಲ್ಲುತ್ತಾರೆ. ಹಳೆಯ ಗಿರಾಕಿಗಳ ವಾಟ್ಸಾಪ್ ಗುಂಪಿಗೆ ನೀವೇ ಹಾಕಿ: ಮೂರೂ ಕೋಣೆ ಒಂದೇ ತಂಡ ಹಿಡಿದರೆ ಊಟ ತಿಂಡಿ ಸೇರಿ ಕೋಣೆಗೆ 2,250, ಸೋಮವಾರದಿಂದ ಗುರುವಾರ ಮಾತ್ರ, ಅರ್ಧ ಮುಂಗಡ. ಮೇಲಿನ 680 ಕಳೆದರೂ ಕೋಣೆಗೆ 1,570 ಉಳಿಯುತ್ತದೆ. ಇಂಥ ತಂಡ ತಿಂಗಳಿಗೆ ಎರಡು ಬಂದರೆ 9,420. ಅಷ್ಟನ್ನೇ ಕೂಪನ್ನಿನಲ್ಲಿ ಹುಟ್ಟಿಸಲು 285ರಂತೆ 33 ಕೋಣೆ ಗುಡಿಸಬೇಕು, 33 ಸಲ ಬೆಡ್‌ಶೀಟ್ ಒಣಗಿಸಬೇಕು.